ಒಂದು ಕೊಡ ನೀರು, ಒಂದು ಯೂನಿಟ್ ಕರೆಂಟು

"ಮಾಮ, ನಮ್ಮ ಗೀಸರ್ ಮೇಲೆ 2 ಕಿಲೋವ್ಯಾಟ್ ಅಂತ ಬರೆದಿದೆ. ಹಾಗಾದ್ರೆ ಸ್ವಿಚ್ ಹಾಕಿದ ತಕ್ಷಣ 2 ಯೂನಿಟ್ ಹೋಗಿಬಿಡುತ್ತಾ?"

ಅಕ್ಕನ ಮಗಳು ಹೀಗೆ ಕೇಳಿದಾಗ ನನಗೆ ತುಂಬಾ ಖುಷಿಯಾಯಿತು. ಅವಳು ಒಂಬತ್ತನೇ ತರಗತಿ. ಕೆಲಸ, ಶಕ್ತಿ, ಸಾಮರ್ಥ್ಯದ ಪಾಠ ಆಗಷ್ಟೇ ಮುಗಿದಿತ್ತು. ಸೂತ್ರ ಕೇಳಿದರೆ ಪಟಪಟ ಹೇಳುತ್ತಿದ್ದಳು. ಬಲವನ್ನು ದೂರದಿಂದ ಗುಣಿಸಿದರೆ ಕೆಲಸ, ಅದರ ಏಕಮಾನ ಜೂಲ್. ಕೆಲಸವನ್ನು ಕಾಲದಿಂದ ಭಾಗಿಸಿದರೆ ಸಾಮರ್ಥ್ಯ, ಅದರ ಏಕಮಾನ ವ್ಯಾಟ್. ಒಂದು ಅಕ್ಷರ ತಪ್ಪಿಲ್ಲ. ಆದರೆ ಪುಸ್ತಕದ ಆ ಜೂಲ್‌ಗೂ ಬಚ್ಚಲುಮನೆಯ ಗೀಸರ್‌ಗೂ ತಿಂಗಳಿಗೊಮ್ಮೆ ಬರುವ ಬಿಲ್ಲಿಗೂ ಏನು ನಂಟು ಅನ್ನುವುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಇದು ಅವಳೊಬ್ಬಳ ಗೊಂದಲ ಅಲ್ಲ. ಓದಿದವರ ಬಾಯಲ್ಲೂ "ಇಷ್ಟು ಕಿಲೋವ್ಯಾಟ್ ಕರೆಂಟ್ ಖರ್ಚಾಯ್ತು" ಅನ್ನುವ ಮಾತು ಬರುತ್ತದೆ. "ಕಿಲೋವ್ಯಾಟ್ ಪರ್ ಅವರ್" ಅನ್ನುವವರೂ ಇದ್ದಾರೆ. ಎರಡೂ ತಪ್ಪು. ಆದರೆ ತಪ್ಪು ಯಾಕೆ ಆಗುತ್ತದೆ ಅಂತ ನೋಡಿದರೆ, ಅದರಲ್ಲಿ ಅರ್ಧ ಪಾಲು ನಮ್ಮ ಪದಗಳದ್ದೇ.

ಶಕ್ತಿ ಅನ್ನುವ ಪದವನ್ನೇ ತೆಗೆದುಕೊಳ್ಳಿ. ಜ್ವರ ಬಂದು ಎದ್ದವರು "ಮೈಯಲ್ಲಿ ಶಕ್ತಿಯೇ ಇಲ್ಲ" ಅನ್ನುತ್ತಾರೆ. ಪೈಲ್ವಾನನ ತೋಳಿನಲ್ಲಿ ಶಕ್ತಿ ಇದೆ ಅನ್ನುತ್ತೇವೆ. ಶಕ್ತಿ, ಬಲ, ತಾಕತ್ತು, ಕಸುವು, ಸಾಮರ್ಥ್ಯ, ಮಾತಿನಲ್ಲಿ ಇವೆಲ್ಲ ಒಂದರ ಜಾಗದಲ್ಲಿ ಒಂದು ಸಲೀಸಾಗಿ ಕೂರುತ್ತವೆ. ವಿಜ್ಞಾನದಲ್ಲಿ ಹಾಗೆ ಕೂರಲು ಬಿಡುವುದಿಲ್ಲ. ತಳ್ಳುವುದು, ಎಳೆಯುವುದು ಬಲ. ಆ ಬಲದಿಂದ ವಸ್ತು ಜರುಗಿದರೆ ಕೆಲಸ. ಕೆಲಸ ಮಾಡಿಸಬಲ್ಲ ಬಂಡವಾಳ ಶಕ್ತಿ. ಆ ಕೆಲಸ ಎಷ್ಟು ಬೇಗ ಆಗುತ್ತದೆ ಅನ್ನುವುದು ಸಾಮರ್ಥ್ಯ. ಇಷ್ಟು ಅಚ್ಚುಕಟ್ಟಾಗಿ ಹಂಚಿಕೊಟ್ಟ ನಾವೇ ಮತ್ತೆ ಹಾರ್ಸ್ ಪವರ್‌ಗೆ 'ಅಶ್ವಶಕ್ತಿ' ಅಂತ ಹೆಸರಿಟ್ಟೆವು! ಅದು ಶಕ್ತಿಯ ಅಳತೆಯೇ ಅಲ್ಲ, ಸಾಮರ್ಥ್ಯದ ಅಳತೆ. ಮಕ್ಕಳು ತಡವರಿಸಿದರೆ ಅವರನ್ನು ಬೈಯುವ ಹಾಗಿಲ್ಲ.

ಅದಕ್ಕೇ ಅವತ್ತು ಪುಸ್ತಕ ಮುಚ್ಚಿಸಿ, ಅವಳ ಜೊತೆ ಒಂದು ಕೊಡ ನೀರಿನ ಲೆಕ್ಕ ಶುರುಮಾಡಿದೆ. ಇಲ್ಲೂ ಅದನ್ನೇ ಮಾಡೋಣ. ಒಂದೇ ಕೊಡ, ಕೊನೆಯವರೆಗೂ ಅದೇ.

ಬಾವಿಯಿಂದ ಒಂದು ಕೊಡ

ಕೊಡದಲ್ಲಿ 15 ಲೀಟರ್ ನೀರು ಹಿಡಿಯುತ್ತದೆ ಅಂದುಕೊಳ್ಳಿ. ಅಂದರೆ 15 ಕೆಜಿ. ಬಾವಿಯ ನೀರು 10 ಮೀಟರ್ ಕೆಳಗಿದೆ, ಸುಮಾರು 33 ಅಡಿ. ಹಗ್ಗ ಕಟ್ಟಿ ಸೇದಬೇಕು. ಎಷ್ಟು ಕೆಲಸ?

ಮೊದಲು ಬಲ. ಭೂಮಿ ಒಂದು ಕೆಜಿಯನ್ನು ಸುಮಾರು 9.8 ನ್ಯೂಟನ್ ಬಲದಿಂದ ಕೆಳಗೆ ಎಳೆಯುತ್ತದೆ. 15 ಕೆಜಿಗೆ 147 ನ್ಯೂಟನ್. ಕೊಡವನ್ನು ಮೇಲೆತ್ತಲು ಅಷ್ಟು ಬಲ ಹಾಕಲೇಬೇಕು. ಹೀಗೆ 10 ಮೀಟರ್ ಎಳೆದರೆ 147 ಗುಣಿಸು 10, ಅಂದರೆ 1,470 ಜೂಲ್. ಕೊಡದ ತೂಕ, ಹಗ್ಗದ ತೂಕ, ರಾಟೆಯ ಉಜ್ಜಾಟ ಇವನ್ನೆಲ್ಲ ಬಿಟ್ಟಿದ್ದೇನೆ.

ಹಾಗಾದರೆ ಒಂದು ಜೂಲ್ ಅಂದರೆ ಎಷ್ಟು? 100 ಗ್ರಾಂ ತೂಕದ ಒಂದು ಸೋಪನ್ನು ನೆಲದಿಂದ ಒಂದು ಮೀಟರ್ ಮೇಲೆತ್ತಿ ನೋಡಿ. ಸೊಂಟದ ಎತ್ತರಕ್ಕೆ ಬಂತು. ಅಷ್ಟೇ, ಹೆಚ್ಚುಕಡಿಮೆ ಒಂದು ಜೂಲ್ ಕೆಲಸ ಮುಗಿಯಿತು. ತೀರಾ ಸಣ್ಣ ಅಳತೆ. ಚಿನ್ನದ ಅಂಗಡಿಯ ಮಿಲಿಗ್ರಾಂ ಹಿಡಿದುಕೊಂಡು ಅಕ್ಕಿ ಮೂಟೆ ತೂಗಲು ಹೋದ ಹಾಗೆ. ಮನೆಯ ಯಾವ ಲೆಕ್ಕ ತೆಗೆದರೂ ಜೂಲ್ ಲಕ್ಷ, ಕೋಟಿಗೆ ಹೋಗುವುದು ಇದಕ್ಕೇ.

ಈಗ ಸೇದಿದ ಕೊಡವನ್ನು ಸೊಂಟದ ಮೇಲೆ ಇಟ್ಟುಕೊಂಡು ಸಮತಟ್ಟಾದ ದಾರಿಯಲ್ಲಿ ಅರ್ಧ ಕಿಲೋಮೀಟರ್ ನಡೆಯಬೇಕು ಅಂದುಕೊಳ್ಳಿ. ಕೊಡದ ಮೇಲೆ ಎಷ್ಟು ಕೆಲಸವಾಯಿತು? ಪುಸ್ತಕದ ಉತ್ತರ: ಸೊನ್ನೆ.

ಈ ಉತ್ತರ ಕೇಳಿದಾಗ ಅಕ್ಕನ ಮಗಳಿಗೆ ಸಿಟ್ಟೇ ಬಂತು. ಬರಬೇಕಾದ್ದೇ. ದಿನಾ ನೀರು ಹೊತ್ತವರನ್ನು ಕೇಳಿ ನೋಡಿ, ಸೊಂಟ ಬಿದ್ದುಹೋಗುತ್ತದೆ. ಅವರಿಗೆ "ನೀವು ಕೆಲಸವೇ ಮಾಡಿಲ್ಲ" ಅಂದರೆ ಹೇಗೆ? ಪಾಠದಲ್ಲಿ ಈ ಜಾಗವನ್ನು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತಾರೆ. ನನಗೆ ಇಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು ಅನಿಸುತ್ತದೆ.

ಕೊಡವನ್ನು ಹಿಡಿದಿರುವ ಬಲ ಮೇಲ್ಮುಖ. ಕೊಡ ಹೋಗುತ್ತಿರುವುದು ಅಡ್ಡಕ್ಕೆ. ಬಲದ ದಿಕ್ಕಿನಲ್ಲಿ ಕೊಡ ಒಂದಿಂಚೂ ಜರುಗಿಲ್ಲ. ಹೊರಟಾಗ ಎಷ್ಟು ಎತ್ತರದಲ್ಲಿತ್ತೋ ಮನೆ ಮುಟ್ಟಿದಾಗಲೂ ಅಷ್ಟೇ ಎತ್ತರದಲ್ಲಿದೆ. ಹಾಗಾಗಿ ಕೊಡಕ್ಕೆ ಹೊಸದಾಗಿ ಯಾವ ಶಕ್ತಿಯೂ ಸೇರಲಿಲ್ಲ. ಸೊನ್ನೆ ಅನ್ನುವುದು ಕೊಡದ ಲೆಕ್ಕ. ಹೊತ್ತವರ ಮೈಯ ಲೆಕ್ಕ ಬೇರೆ. ನಮ್ಮ ಸ್ನಾಯು ಗೋಡೆಗೆ ಹೊಡೆದ ಮೊಳೆಯ ಹಾಗಲ್ಲ. ಮೊಳೆ ಒಂದು ಚೀಲವನ್ನು ವರ್ಷಗಟ್ಟಲೆ ಏನೂ ಖರ್ಚಿಲ್ಲದೆ ಹಿಡಿದುಕೊಂಡಿರುತ್ತದೆ. ಸ್ನಾಯು ಸುಮ್ನೆ ಹಿಡಿದುಕೊಳ್ಳಬೇಕಾದರೂ ಅದರ ಎಳೆಗಳು ಒಳಗೊಳಗೇ ಮತ್ತೆ ಮತ್ತೆ ಬಿಗಿಯಾಗುತ್ತಲೇ ಇರಬೇಕು. ಅದಕ್ಕೆ ತಿಂದ ಅನ್ನದ ಶಕ್ತಿ ಖರ್ಚಾಗುತ್ತದೆ, ಶಾಖವಾಗಿ ಹೊರಗೆ ಹೋಗುತ್ತದೆ. ಬೆವರು, ಸುಸ್ತು, ನೋವು ಎಲ್ಲ ನಿಜ. ಶಕ್ತಿ ಖರ್ಚಾಗಿದ್ದೂ ನಿಜ. ಅದು ಕೊಡಕ್ಕೆ ಹೋಗಲಿಲ್ಲ ಅಷ್ಟೇ. ಹೀಗೆ ಬಿಡಿಸಿ ಹೇಳಿದ ಮೇಲೆ ಹುಡುಗಿ ಒಪ್ಪಿಕೊಂಡಳು.

ಎಷ್ಟು, ಮತ್ತು ಎಷ್ಟು ಬೇಗ

ಸೇದಿದ ಕೊಡದ ಬಳಿ ವಾಪಸ್ ಬರೋಣ. 1,470 ಜೂಲ್ ಕೆಲಸ ಮಾಡಿದ್ದೇವೆ. ಆ ಶಕ್ತಿ ಈಗ ಮೇಲಿರುವ ನೀರಿನಲ್ಲಿದೆ. ಹಗ್ಗ ಬಿಟ್ಟರೆ ಕೊಡ ಕೆಳಗೆ ಧುಮುಕುವಾಗ ಅಷ್ಟನ್ನೂ ವಾಪಸ್ ಕೊಡುತ್ತದೆ. ಕೆಲಸ ಮತ್ತು ಶಕ್ತಿ ಎರಡಕ್ಕೂ ಒಂದೇ ಏಕಮಾನ ಇರುವುದು ಇದಕ್ಕೇ. ಹಾಕಿದ ದುಡ್ಡು ಮತ್ತು ಖಾತೆಯಲ್ಲಿರುವ ದುಡ್ಡು, ಎರಡನ್ನೂ ರೂಪಾಯಿಯಲ್ಲೇ ಎಣಿಸುತ್ತೇವೆ ಅಲ್ವಾ?

ಒಬ್ಬರು ಈ ಕೊಡವನ್ನು 20 ಸೆಕೆಂಡಿನಲ್ಲಿ ಸೇದುತ್ತಾರೆ. ವಯಸ್ಸಾದವರೊಬ್ಬರು ನಿಧಾನವಾಗಿ 60 ಸೆಕೆಂಡು ತೆಗೆದುಕೊಳ್ಳುತ್ತಾರೆ. ಮೇಲೆ ಬಂದ ನೀರು ಅಷ್ಟೇ, ಕೆಲಸವೂ ಅಷ್ಟೇ, 1,470 ಜೂಲ್. ಆದರೆ ಮೊದಲನೆಯವರು ಸೆಕೆಂಡಿಗೆ 73.5 ಜೂಲ್ ಲೆಕ್ಕದಲ್ಲಿ ಮಾಡಿದರು, ಎರಡನೆಯವರು ಸೆಕೆಂಡಿಗೆ 24.5 ಜೂಲ್ ಲೆಕ್ಕದಲ್ಲಿ. ಸೆಕೆಂಡಿಗೆ ಒಂದು ಜೂಲ್ ಅನ್ನುವುದಕ್ಕೇ ವ್ಯಾಟ್ ಅಂತ ಹೆಸರು. ಒಬ್ಬರು 73.5 ವ್ಯಾಟ್, ಇನ್ನೊಬ್ಬರು 24.5 ವ್ಯಾಟ್.

ವ್ಯಾಟ್ ಅನ್ನುವ ಹೆಸರಿನ ಒಳಗೇ 'ಸೆಕೆಂಡಿಗೆ' ಅನ್ನುವುದು ಅಡಗಿ ಕೂತಿದೆ. ಎಲ್ಲ ಎಡವಟ್ಟಿನ ಮೂಲ ಇದು. ಗಾಡಿಯ ವೇಗ ಹೇಳುವಾಗ "ಗಂಟೆಗೆ 60 ಕಿಲೋಮೀಟರ್" ಅಂತ ಬಿಡಿಸಿ ಹೇಳುತ್ತೇವೆ, ಗಂಟೆ ಕಿವಿಗೆ ಬೀಳುತ್ತದೆ. ವ್ಯಾಟ್‌ನಲ್ಲಿ ಸೆಕೆಂಡು ಕಿವಿಗೆ ಬೀಳುವುದೇ ಇಲ್ಲ. ಹಾಗಾಗಿ ಅದು ಒಂದು ವೇಗ ಅನ್ನುವುದನ್ನು ಮರೆತು ಒಂದು ರಾಶಿ ಅಂದುಕೊಳ್ಳುತ್ತೇವೆ.

ಹಾಗಾದರೆ ಯೂನಿಟ್ ಏನು? ಬಿಲ್ಲಿನಲ್ಲಿ ಬರುವ ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್ ಅವರ್. ಒಂದು ಕಿಲೋವ್ಯಾಟ್ ವೇಗದಲ್ಲಿ ಒಂದು ಗಂಟೆ ನಡೆದ ಕೆಲಸ. ಇದನ್ನು ವಿವರಿಸಲು ನಮ್ಮ ಹೊಲಗದ್ದೆಯ ಮಾತಿಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. "ಈ ಗದ್ದೆ ನಾಟಿಗೆ 20 ಆಳು ಬೇಕು" ಅನ್ನುತ್ತಾರೆ. 20 ಜನ ಒಂದೇ ದಿನ ಬಂದರೂ ಸರಿ, 10 ಜನ 2 ದಿನ ಬಂದರೂ ಸರಿ, 5 ಜನ 4 ದಿನ ಬಂದರೂ ಸರಿ. ಲೆಕ್ಕ 20 ಆಳೇ. ಇಲ್ಲಿ ಆಳು ಅಂದರೆ ಬರೀ ತಲೆ ಎಣಿಕೆ ಅಲ್ಲ, ತಲೆ ಗುಣಿಸು ದಿನ. ಸರ್ಕಾರದ ಗ್ರಾಮೀಣ ಉದ್ಯೋಗ ಯೋಜನೆಯ ಕಡತಗಳಲ್ಲಿ ಇದನ್ನೇ ಮಾನವ ದಿನ ಅಂತ ಬರೆಯುತ್ತಾರೆ.

ಈಗ ಗದ್ದೆಯಲ್ಲಿ ಈ ಕ್ಷಣ ಎಷ್ಟು ಜನ ಬಗ್ಗಿ ನಾಟಿ ಮಾಡುತ್ತಿದ್ದಾರೆ ಅನ್ನುವುದು ಕಿಲೋವ್ಯಾಟ್. ಕೊನೆಗೆ ಎಷ್ಟು ಆಳಿನ ಕೂಲಿ ಕೊಡಬೇಕಾಯಿತು ಅನ್ನುವುದು ಕಿಲೋವ್ಯಾಟ್ ಅವರ್. ಆಳನ್ನು ದಿನದಿಂದ ಗುಣಿಸುತ್ತೇವೆಯೇ ಹೊರತು ಭಾಗಿಸುವುದಿಲ್ಲ. ಹಾಗೆಯೇ ಕಿಲೋವ್ಯಾಟ್ ಮತ್ತು ಅವರ್ ನಡುವೆ 'ಪರ್' ಬರುವುದೇ ಇಲ್ಲ.

ಅಕ್ಕನ ಮಗಳ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. 2 ಕಿಲೋವ್ಯಾಟ್ ಗೀಸರ್ ಸ್ವಿಚ್ ಹಾಕಿದ ತಕ್ಷಣ ಯೂನಿಟ್ ಹೋಗುವುದಿಲ್ಲ. ಪೂರ್ತಿ ಒಂದು ಗಂಟೆ ಉರಿದರೆ 2 ಯೂನಿಟ್. ಅರ್ಧ ಗಂಟೆಗೆ 1 ಯೂನಿಟ್. ಒಂದು ನಿಮಿಷಕ್ಕೆ ಯೂನಿಟ್ಟಿನ ಮೂವತ್ತರಲ್ಲಿ ಒಂದು ಪಾಲು.

ಕೈಯಲ್ಲಿ ಬಿಲ್ ಇದ್ದರೆ ಒಮ್ಮೆ ನೋಡಿ. ನಮ್ಮ ರಾಜ್ಯದ ಮನೆ ಬಿಲ್ಲಿನಲ್ಲಿ ಎರಡೂ ಇರುತ್ತವೆ. ಮಂಜೂರಾದ ಲೋಡ್ ಇರುವುದು ಕಿಲೋವ್ಯಾಟ್‌ನಲ್ಲಿ, ನಿಗದಿತ ಶುಲ್ಕ ಹಾಕುವುದು ಅದರ ಮೇಲೆ. ಬಳಸಿದ್ದಕ್ಕೆ ಹಾಕುವ ದುಡ್ಡು ಯೂನಿಟ್ ಲೆಕ್ಕದಲ್ಲಿ. ಒಂದು ಹೇಳುವುದು ನಿಮ್ಮ ಮನೆ ಒಂದೇ ಸಲಕ್ಕೆ ಎಷ್ಟು ಎಳೆಯಬಹುದು ಅಂತ. ಇನ್ನೊಂದು ಹೇಳುವುದು ತಿಂಗಳಿಡೀ ಒಟ್ಟು ಎಷ್ಟು ಎಳೆದಿರಿ ಅಂತ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದು 200 ಯೂನಿಟ್ ಮಿತಿಯ ಮಾತು ಶುರುವಾದ ಮೇಲೆ ಯೂನಿಟ್ ಅನ್ನುವ ಪದ ಎಲ್ಲರ ಬಾಯಿಗೂ ಬಂದಿದೆ. ಆ 200 ಒಟ್ಟು ರಾಶಿಯ ಮಿತಿ, ವೇಗದ ಮಿತಿ ಅಲ್ಲ.

ಈಗ ನನಗೆ ತುಂಬಾ ಇಷ್ಟವಾದ ಲೆಕ್ಕ. ಒಂದು ಕಿಲೋವ್ಯಾಟ್ ಅಂದರೆ ಸೆಕೆಂಡಿಗೆ 1,000 ಜೂಲ್. ಗಂಟೆಯಲ್ಲಿ 3,600 ಸೆಕೆಂಡು. ಹಾಗಾಗಿ ಒಂದು ಯೂನಿಟ್ ಅಂದರೆ 36 ಲಕ್ಷ ಜೂಲ್. ನಮ್ಮ ಕೊಡ ಒಂದಕ್ಕೆ 1,470 ಜೂಲ್. ಭಾಗಿಸಿದರೆ ಸುಮಾರು 2,450 ಕೊಡ. 20 ಸೆಕೆಂಡಿಗೊಂದರಂತೆ ಒಂದು ಕ್ಷಣವೂ ನಿಲ್ಲದೆ ಸೇದಿದರೆ 13 ಗಂಟೆ 36 ನಿಮಿಷ ಬೇಕು. ಯಾರ ಕೈಯಲ್ಲೂ ಆಗದ ಮಾತು. ಹತ್ತು ರೂಪಾಯಿಯೊಳಗೆ ಸಿಗುವ ಒಂದು ಯೂನಿಟ್ ಕರೆಂಟಿನಲ್ಲಿ ಇಷ್ಟು ದುಡಿಮೆ ಇದೆ. ನಮ್ಮ ಅಜ್ಜಿ ದಿನಕ್ಕೆ ಮೂವತ್ತು ನಲವತ್ತು ಕೊಡ ಸೇದುತ್ತಿದ್ದರು. ಅವರ ಎರಡು ತಿಂಗಳ ಬಾವಿ ಕೆಲಸ ಒಂದು ಯೂನಿಟ್ಟಿನಲ್ಲಿ ಮುಗಿಯುತ್ತದೆ ಅಂತ ಲೆಕ್ಕ ಹಾಕಿದ ದಿನ ನಾನು ಪೆನ್ನು ಕೆಳಗಿಟ್ಟು ಸುಮ್ಮನೆ ಕೂತಿದ್ದೆ.

ಅದೇ ಕೊಡ, ಈಗ ಒಲೆಯ ಮೇಲೆ

ಇಲ್ಲಿಯವರೆಗೆ ನೀರನ್ನು ಎತ್ತಿದೆವು. ಈಗ ಅದೇ 15 ಲೀಟರನ್ನು ಗೀಸರ್‌ಗೆ ತುಂಬೋಣ. 25 ಡಿಗ್ರಿ ಇರುವ ನೀರು 60 ಡಿಗ್ರಿಗೆ ಬರಬೇಕು.

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಲು ಸುಮಾರು 4,186 ಜೂಲ್ ಬೇಕು. 15 ಲೀಟರ್, 35 ಡಿಗ್ರಿ. ಗುಣಿಸಿದರೆ ಸುಮಾರು 22 ಲಕ್ಷ ಜೂಲ್. ಯೂನಿಟ್ ಲೆಕ್ಕದಲ್ಲಿ 0.61. 2 ಕಿಲೋವ್ಯಾಟ್ ಗೀಸರ್‌ಗೆ 18 ನಿಮಿಷದ ಕೆಲಸ.

ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದು ಕೊಡ ನೀರನ್ನು ಬಾವಿಯಿಂದ ಮೇಲೆತ್ತಲು 1,470 ಜೂಲ್. ಅದೇ ಕೊಡವನ್ನು ಸ್ನಾನಕ್ಕೆ ಬಿಸಿ ಮಾಡಲು 22 ಲಕ್ಷ ಜೂಲ್. ಸುಮಾರು 1,500 ಪಟ್ಟು! ಬರೀ ಒಂದು ಡಿಗ್ರಿ ಬಿಸಿಗೆ ತಗಲುವ ಶಕ್ತಿಯಲ್ಲಿ ಆ ನೀರನ್ನು 427 ಮೀಟರ್ ಮೇಲೆತ್ತಬಹುದು.

ಈ ಮಾತು ಮನಸ್ಸಿಗೆ ಇಳಿದರೆ ಅರ್ಧ ಬಿಲ್ ಅರ್ಥವಾದ ಹಾಗೆ. ಬಿಸಿ ಮಾಡುವ ಸಾಮಾನುಗಳೇ ಯೂನಿಟ್ ತಿನ್ನುವುದು. ಗೀಸರ್, ಇಸ್ತ್ರಿ ಪೆಟ್ಟಿಗೆ, ಇಂಡಕ್ಷನ್ ಒಲೆ. 75 ವ್ಯಾಟ್‌ನ ಹಳೆಯ ಫ್ಯಾನ್ 13 ಗಂಟೆ ತಿರುಗಿದರೆ ಒಂದು ಯೂನಿಟ್. 9 ವ್ಯಾಟ್‌ನ ಎಲ್‌ಇಡಿ ಬಲ್ಬು ಒಂದು ಯೂನಿಟ್ಟಿನಲ್ಲಿ 111 ಗಂಟೆ ಉರಿಯುತ್ತದೆ. ಗೀಸರ್ ಮರೆತು ಅರ್ಧ ಗಂಟೆ ಹೆಚ್ಚಿಗೆ ಬಿಟ್ಟು, ಲೈಟ್ ಆರಿಸಲಿಲ್ಲ ಅಂತ ಮಕ್ಕಳನ್ನು ಬೈಯುವುದು ಸರಿಯಲ್ಲ ಅಲ್ವಾ? ಹಂಡೆಯ ಒಲೆ, ತಾರಸಿಯ ಮೇಲಿನ ಸೋಲಾರ್ ವಾಟರ್ ಹೀಟರ್, ಇವುಗಳ ಬೆಲೆ ಗೊತ್ತಾಗುವುದೂ ಈ ಲೆಕ್ಕ ಹಾಕಿದಾಗಲೇ.

ಎತ್ತುವ ಕೆಲಸಕ್ಕೂ ಬಿಸಿಗೂ ಹೀಗೆ ನೇರ ಲೆಕ್ಕ ಇದೆ ಅಂತ ತೋರಿಸಿಕೊಟ್ಟವರಲ್ಲಿ ಮುಖ್ಯವಾದವರು ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್. ಹುಟ್ಟಿದ್ದು 1818ರಲ್ಲಿ, ಮ್ಯಾಂಚೆಸ್ಟರ್ ಪಕ್ಕದ ಸಾಲ್ಫರ್ಡ್‌ನಲ್ಲಿ. ಮನೆತನದ ಕಸುಬು ಬಿಯರ್ ತಯಾರಿಕೆ. 1840ರ ದಶಕದಲ್ಲಿ ಅವರು ನೀರಿನ ಪಾತ್ರೆಯೊಳಗೆ ರೆಕ್ಕೆಗಳಿರುವ ಒಂದು ಚಕ್ರ ಇಟ್ಟು, ಅದಕ್ಕೆ ಹಗ್ಗ ಸುತ್ತಿ, ಹಗ್ಗಕ್ಕೆ ತೂಕದ ಬಟ್ಟು ಕಟ್ಟಿದರು. ಬಟ್ಟು ಇಳಿಯುತ್ತಾ ಹೋದ ಹಾಗೆ ಚಕ್ರ ತಿರುಗಿ ನೀರನ್ನು ಕಡೆಯುತ್ತದೆ. ಮಜ್ಜಿಗೆ ಕಡೆದ ಹಾಗೆಯೇ. ಕಡೆದ ನೀರು ಎಳ್ಳಷ್ಟು ಬೆಚ್ಚಗಾಗುತ್ತದೆ. ಎಷ್ಟು ತೂಕ ಎಷ್ಟು ಎತ್ತರ ಇಳಿಯಿತು, ನೀರು ಎಷ್ಟು ಬೆಚ್ಚಗಾಯಿತು, ಎರಡನ್ನೂ ಅಳೆದರು. ಒಂದು ಡಿಗ್ರಿಗೆ 427 ಮೀಟರ್ ಅಂದಮೇಲೆ ಆಳೆತ್ತರದಿಂದ ಬಟ್ಟು ಇಳಿಸಿದರೆ ಎಷ್ಟು ಬಿಸಿ ಏರೀತು, ಯೋಚಿಸಿ. ಡಿಗ್ರಿಯ ತೀರಾ ಸಣ್ಣ ಚೂರು. ಅದನ್ನು ಹಿಡಿಯುವಂಥ ಥರ್ಮಾಮೀಟರ್ ಬೇಕಿತ್ತು, ಬಟ್ಟನ್ನು ಮತ್ತೆ ಮತ್ತೆ ಏರಿಸಿ ಇಳಿಸುವ ತಾಳ್ಮೆ ಬೇಕಿತ್ತು. ಜೂಲ್ ಅವರಲ್ಲಿ ಎರಡೂ ಇದ್ದವು.

1847ರಲ್ಲಿ ಮದುವೆಯಾದ ಹೊಸತರಲ್ಲಿ ಅವರು ಆಲ್ಪ್ಸ್ ಬೆಟ್ಟಗಳ ಕಡೆ ಹೋಗಿದ್ದರು. ಅಲ್ಲಿ ಒಂದು ಉದ್ದನೆಯ ಥರ್ಮಾಮೀಟರ್ ಹಿಡಿದುಕೊಂಡು ಜಲಪಾತದ ಬಿಸಿ ಅಳೆಯಲು ಹೊರಟಿದ್ದ ಜೂಲ್ ತಮಗೆ ಸಿಕ್ಕರು ಅಂತ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಆದವರು, ಎಷ್ಟೋ ವರ್ಷದ ಮೇಲೆ ನೆನಪಿಸಿಕೊಂಡಿದ್ದಾರೆ. ಮೇಲಿಂದ ಬಿದ್ದ ನೀರು ಕೆಳಗೆ ತುಸು ಬೆಚ್ಚಗಿರಬೇಕು ಅನ್ನುವುದು ಜೂಲ್ ಲೆಕ್ಕ.

ನಮ್ಮ ಜೋಗಕ್ಕೆ ಇದೇ ಲೆಕ್ಕ ಹಾಕೋಣ. ಎತ್ತರ 253 ಮೀಟರ್. 427ರಿಂದ ಭಾಗಿಸಿದರೆ 0.6 ಡಿಗ್ರಿ. ಅಷ್ಟು ಮೇಲಿಂದ ಅಬ್ಬರಿಸಿ ಬಿದ್ದ ಶರಾವತಿ ಬೆಚ್ಚಗಾಗುವುದು ಹೆಚ್ಚೆಂದರೆ ಅರ್ಧ ಡಿಗ್ರಿಯ ಆಸುಪಾಸು! ಅದೂ ಹನಿಹನಿಯಾಗಿ ಗಾಳಿಗೆ ಹಾರಿ ಆವಿಯಾಗುವಾಗ ನೀರು ತಣ್ಣಗಾಗುವುದರಿಂದ ಕೆಳಗೆ ನಿಂತು ಅಳೆದರೆ ಅಷ್ಟೂ ಸಿಗುವುದು ಕಷ್ಟ.

ಮ್ಯಾಂಚೆಸ್ಟರ್ ಹತ್ತಿರ ಸೇಲ್ ಅನ್ನುವ ಊರಿನಲ್ಲಿ ಅವರ ಸಮಾಧಿ ಇದೆ. ಅದರ ಕಲ್ಲಿನ ಮೇಲೆ 772.55 ಅಂತ ಒಂದು ಸಂಖ್ಯೆ ಕೆತ್ತಿದ್ದಾರೆ. ಒಂದು ಪೌಂಡ್ ನೀರು ಒಂದು ಡಿಗ್ರಿ ಫ್ಯಾರನ್‌ಹೀಟ್ ಬಿಸಿಯಾಗಬೇಕಾದರೆ ಆ ಒಂದು ಪೌಂಡ್ ಎಷ್ಟು ಅಡಿ ಮೇಲಿಂದ ಬೀಳಬೇಕು ಅನ್ನುವುದಕ್ಕೆ ಅವರು ಕಂಡುಕೊಂಡ ಉತ್ತರ. ಇವತ್ತಿನ ಲೆಕ್ಕ ಸುಮಾರು 778 ಅಡಿ. ಬಟ್ಟು, ಹಗ್ಗ, ಥರ್ಮಾಮೀಟರ್ ಇಟ್ಟುಕೊಂಡು ನೂರಕ್ಕೆ ಒಂದರಷ್ಟೂ ತಪ್ಪದ ಹಾಗೆ ಅಳೆದಿದ್ದರು. ಅವರ ಹೆಸರನ್ನು ಶಕ್ತಿಯ ಏಕಮಾನಕ್ಕೆ ಇಟ್ಟಿದ್ದು ತೀರಾ ನ್ಯಾಯ ಅಂತ ನನಗನಿಸುತ್ತದೆ.

ಕುದುರೆಯ ಲೆಕ್ಕ

ವ್ಯಾಟ್ ಅನ್ನುವುದು ಸ್ಕಾಟ್ಲೆಂಡಿನ ಜೇಮ್ಸ್ ವ್ಯಾಟ್ ಹೆಸರು. ಉಗಿಯಂತ್ರವನ್ನು ಚೆನ್ನಾಗಿ ಸುಧಾರಿಸಿದವರು. ಆ ಕಾಲದಲ್ಲಿ ಗಿರಣಿ ತಿರುಗಿಸಲು ಕುದುರೆ ಕಟ್ಟುತ್ತಿದ್ದರು. ಯಂತ್ರ ಕೊಳ್ಳಲು ಬಂದವರ ಪ್ರಶ್ನೆ ಒಂದೇ: ಇದು ಎಷ್ಟು ಕುದುರೆಗೆ ಸಮ? ಅದಕ್ಕೆ ವ್ಯಾಟ್ ಒಂದು ಕುದುರೆಯ ಲೆಕ್ಕ ಕಟ್ಟಿದರು. ನಿಮಿಷಕ್ಕೆ 33,000 ಪೌಂಡ್ ತೂಕವನ್ನು ಒಂದು ಅಡಿ ಎತ್ತುವುದು. ಇವತ್ತಿನ ಮಾತಿನಲ್ಲಿ ಸುಮಾರು 746 ವ್ಯಾಟ್. ಇದೇ ಒಂದು ಹಾರ್ಸ್ ಪವರ್, ಚಿಕ್ಕದಾಗಿ ಎಚ್‌ಪಿ.

ಕೊಡದ ಮಾತಿನಲ್ಲಿ ಹೇಳುವುದಾದರೆ, ನಮ್ಮ 10 ಮೀಟರ್ ಬಾವಿಯಿಂದ 2 ಸೆಕೆಂಡಿಗೊಂದು ಕೊಡ. ನಾವು 20 ಸೆಕೆಂಡಿಗೆ ಒಂದು ಸೇದುತ್ತಿದ್ದೆವು. ಒಂದು ಎಚ್‌ಪಿ ಮೋಟರ್ ಹತ್ತು ಜನಕ್ಕೆ ಸಮ, ಅದೂ ಸುಸ್ತಾಗದ ಹತ್ತು ಜನ.

ಎಚ್‌ಪಿ ಲೆಕ್ಕ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಆದರೆ ಬೋರ್‌ವೆಲ್ ವಿಷಯದಲ್ಲಿ ಈ ಲೆಕ್ಕ ಒಂದು ಕಹಿ ಸತ್ಯ ಹೇಳುತ್ತದೆ. 5 ಎಚ್‌ಪಿ ಅಂದರೆ 3,730 ವ್ಯಾಟ್. ಒಂದು ಲೀಟರ್ ನೀರನ್ನು 100 ಮೀಟರ್ ಎತ್ತಲು 980 ಜೂಲ್. ಯಾವ ನಷ್ಟವೂ ಇಲ್ಲ ಅಂದುಕೊಂಡರೆ ಸೆಕೆಂಡಿಗೆ 3.8 ಲೀಟರ್ ಬರಬೇಕು. ಪಂಪು, ಪೈಪುಗಳಲ್ಲಿ ಅರ್ಧದಷ್ಟು ಶಕ್ತಿ ಹೋಗುತ್ತದೆ ಅಂತಿಟ್ಟುಕೊಂಡರೆ 1.9 ಲೀಟರ್. ಈಗ ನೀರು 300 ಮೀಟರ್‌ಗೆ ಇಳಿಯಿತು ಅನ್ನಿ, ಸುಮಾರು 1,000 ಅಡಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಇಷ್ಟು ಆಳಕ್ಕೆ ಕೊರೆಸುವುದು ಈಗ ಯಾರಿಗೂ ಹೊಸದಲ್ಲ. ಅದೇ 5 ಎಚ್‌ಪಿ ಇಟ್ಟುಕೊಂಡರೆ ನೀರು ಮೂರರಲ್ಲಿ ಒಂದು ಪಾಲು. ಮೊದಲಿನಷ್ಟೇ ನೀರು ಬೇಕು ಅಂದರೆ 15 ಎಚ್‌ಪಿ ಬೇಕು. ಮೋಟರ್ ಎಷ್ಟೇ ಒಳ್ಳೆಯ ಕಂಪನಿಯದಾಗಿರಲಿ, ಎತ್ತರ ಮೂರು ಪಟ್ಟಾದರೆ ಪ್ರತಿ ಲೀಟರಿನ ಜೂಲ್ ಮೂರು ಪಟ್ಟಾಗಲೇಬೇಕು. ಬಲ ಗುಣಿಸು ದೂರ. ಆ ಒಂದು ಸಾಲಿನ ಸೂತ್ರದ ಭಾರ ಎಷ್ಟು ಅಂತ ಗೊತ್ತಾಗಬೇಕಾದರೆ ಅಂಥ ಒಂದು ತೋಟದಲ್ಲಿ ನಿಂತು ಪೈಪಿನ ಬಾಯಿಯಿಂದ ಬೀಳುವ ನೀರು ನೋಡಬೇಕು.

ಇನ್ನೊಂದು ಮಾತು. ಮೋಟರ್ ಮೇಲೆ ಬರೆದ 5 ಎಚ್‌ಪಿ ಅದು ಹೊರಗೆ ಕೊಡುವ ಸಾಮರ್ಥ್ಯ. ಒಳಗೆ ತೆಗೆದುಕೊಳ್ಳುವುದು ಅದಕ್ಕಿಂತ ಜಾಸ್ತಿ, 4.5 ಕಿಲೋವ್ಯಾಟ್‌ಗೂ ಮೇಲೆ ಹೋಗಬಹುದು. ಹಾಗಾಗಿ ಗಂಟೆಗೆ ಎಷ್ಟು ಯೂನಿಟ್ ಅಂತ ಲೆಕ್ಕ ಹಾಕುವಾಗ 3.73 ಅಂದುಕೊಂಡರೆ ಸಾಲದು.

ಉಳಿದ ಹೆಸರುಗಳನ್ನು ಬೇಗ ಮುಗಿಸೋಣ, ಯಾಕೆಂದರೆ ಹೊಸದೇನೂ ಇಲ್ಲ, ಬಟ್ಟೆ ಮಾತ್ರ ಬೇರೆ. ಬಿಸ್ಕೆಟ್ ಪೊಟ್ಟಣದ ಮೇಲಿನ ಕಿಲೋಕ್ಯಾಲರಿ ಶಕ್ತಿಯ ಅಳತೆ, ಒಂದಕ್ಕೆ 4,184 ಜೂಲ್. ದಿನಕ್ಕೆ 2,000 ಕಿಲೋಕ್ಯಾಲರಿ ತಿನ್ನುವವರ ಮೈ ಸರಾಸರಿ 97 ವ್ಯಾಟ್‌ನಲ್ಲಿ ನಡೆಯುತ್ತದೆ, ಹಳೆಯ ಕಾಲದ ನೂರು ಕ್ಯಾಂಡಲ್ ಬಲ್ಬಿನ ಹಾಗೆ. ಶ್ರವಣಬೆಳಗೊಳದ ದೊಡ್ಡಬೆಟ್ಟ ಊರಿನ ಮಟ್ಟದಿಂದ ಸುಮಾರು 470 ಅಡಿ, ಅಂದರೆ 143 ಮೀಟರ್. 60 ಕೆಜಿಯವರು ಹತ್ತಿದರೆ 84,000 ಜೂಲ್, ಬರೀ 20 ಕಿಲೋಕ್ಯಾಲರಿ. ಮೈ ತಾನು ಖರ್ಚು ಮಾಡಿದ್ದರಲ್ಲಿ ಐದರಲ್ಲಿ ಒಂದು ಪಾಲನ್ನಷ್ಟೇ ಏರುವ ಕೆಲಸಕ್ಕೆ ಕೊಡುತ್ತದೆ ಅಂತಿಟ್ಟುಕೊಂಡರೂ ಒಂದು ಬಾಳೆಹಣ್ಣಿನಲ್ಲಿ ಗೊಮ್ಮಟನ ಪಾದ ಮುಟ್ಟಬಹುದು.

ಇನ್ವರ್ಟರ್ ಬ್ಯಾಟರಿ ಮೇಲಿನ 150 ಎಎಚ್, ಅಂದರೆ ಆಂಪಿಯರ್ ಅವರ್ ಅನ್ನುವುದು ನೇರವಾಗಿ ಶಕ್ತಿ ಅಲ್ಲ, ಅದನ್ನು 12 ವೋಲ್ಟ್‌ನಿಂದ ಗುಣಿಸಬೇಕು. 1,800 ವ್ಯಾಟ್ ಅವರ್, ಅಂದರೆ 1.8 ಯೂನಿಟ್. ಎಸಿಯ 'ಟನ್' ಅದರ ತೂಕ ಅಲ್ಲ. ಒಂದು ಅಮೆರಿಕನ್ ಟನ್ ಐಸ್ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟು ವೇಗದಲ್ಲಿ ಕೋಣೆಯ ಶಾಖ ಹೊರಹಾಕುವುದು, ಸುಮಾರು 3.5 ಕಿಲೋವ್ಯಾಟ್. ಪೇಪರಿನಲ್ಲಿ ಬರುವ ಮೆಗಾವ್ಯಾಟ್, ಅಂದರೆ 1,000 ಕಿಲೋವ್ಯಾಟ್, ಕೂಡ ವೇಗವೇ. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟ್ ಅಂದಾಗ ಪಾವಗಡ ಎರಡು ಪಟ್ಟು ಕರೆಂಟ್ ಕೊಡುತ್ತದೆ ಅಂದುಕೊಳ್ಳಬಾರದು. ಒಂದಕ್ಕೆ ಬಿಸಿಲು ಬೇಕು, ಇನ್ನೊಂದಕ್ಕೆ ಲಿಂಗನಮಕ್ಕಿಯಲ್ಲಿ ನೀರು ಬೇಕು. ಎಷ್ಟು ಗಂಟೆ, ಎಷ್ಟು ಜೋರಾಗಿ ನಡೆಯಿತು ಅನ್ನುವುದು ಗೊತ್ತಾಗದೆ ಯೂನಿಟ್ ಹೇಳಲು ಬರುವುದಿಲ್ಲ. ಮತ್ತೆ ಅದೇ ಆಳಿನ ಲೆಕ್ಕ.

ಮಿನುಗುವ ಕೆಂಪು ದೀಪ

ಇಷ್ಟೆಲ್ಲ ಆದ ಮೇಲೆ ಅಕ್ಕನ ಮಗಳನ್ನು ಮನೆಯ ಮೀಟರ್ ಹತ್ತಿರ ಕರೆದುಕೊಂಡು ಹೋದೆ. ಅದರ ಮೇಲೆ ಒಂದು ಸಣ್ಣ ಕೆಂಪು ದೀಪ ಮಿನುಗುತ್ತಿತ್ತು. ಪಕ್ಕದಲ್ಲಿ ಒಂದು ಕಿಲೋವ್ಯಾಟ್ ಅವರ್‌ಗೆ 3,200 ಮಿನುಗು ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ನಿಮ್ಮ ಮೀಟರ್‌ನಲ್ಲಿ ಆ ಸಂಖ್ಯೆ ಬೇರೆ ಇರಬಹುದು. 36 ಲಕ್ಷವನ್ನು 3,200ರಿಂದ ಭಾಗಿಸು ಅಂದೆ. ಮೊಬೈಲಿನಲ್ಲಿ ಭಾಗಿಸಿದಳು. 1,125.

ಒಂದು ಮಿನುಗು ಅಂದರೆ 1,125 ಜೂಲ್. ನಮ್ಮ ಕೊಡವನ್ನು ಏಳೂವರೆ ಮೀಟರ್ ಎಳೆದಷ್ಟು.

ಅವಳು ಓಡಿಹೋಗಿ ಗೀಸರ್ ಹಾಕಿ ಬಂದಳು. ದೀಪ ಟಕಟಕ ಅಂತ ಮಿನುಗತೊಡಗಿತು. ಎಣಿಸಿದೆವು, 10 ಸೆಕೆಂಡಿಗೆ 18. ಗುಣಿಸಿದರೆ ಸೆಕೆಂಡಿಗೆ 2,025 ಜೂಲ್, ಗೀಸರ್ ಮೇಲೆ ಬರೆದ 2 ಕಿಲೋವ್ಯಾಟ್ ಹತ್ತಿರ ಹತ್ತಿರ. ಅವಳ ಮುಖ ನೋಡಬೇಕಿತ್ತು. "ಮಾಮ, ಜೂಲ್ ಕಾಣ್ತಾ ಇದೆ!" ಅಂದಳು.

ಆಮೇಲೆ ಗೀಸರ್ ಆರಿಸಿ, ಫ್ಯಾನು, ಲೈಟು ಎಲ್ಲ ಆರಿಸಿ, ಸ್ವಲ್ಪ ಹೊತ್ತು ಫ್ರಿಜ್‌ನ ಪ್ಲಗ್ಗನ್ನೂ ಕಿತ್ತಳು. ಈಗ ದೀಪ ನಿಲ್ಲಬೇಕು ಅಂತ ಅವಳ ಲೆಕ್ಕ. ಕಾದೆವು. ಒಂದೂಮುಕ್ಕಾಲು ನಿಮಿಷ ದಾಟಿತು. ಟಕ್ ಅಂತ ಒಂದು ಮಿನುಗು. ಮತ್ತೆ ಅಷ್ಟೇ ಹೊತ್ತು ಬಿಟ್ಟು ಇನ್ನೊಂದು. ಅವಳು ಗಡಿಯಾರ ನೋಡಿ 110 ಸೆಕೆಂಡು ಅಂತ ಬರೆದುಕೊಂಡಳು. 1,125 ಭಾಗಿಸು 110, ಸುಮಾರು 10 ವ್ಯಾಟ್. ಯಾವುದೋ ಒಂದು ಎಲ್ಲೋ ಎಳೆಯುತ್ತಿದೆ. ಮನೆಯೆಲ್ಲ ಹುಡುಕಿದಳು. ಟೀವಿ ಆಫ್ ಆಗಿತ್ತು, ಕೆಳಗಿನ ಸೆಟ್‌ಟಾಪ್ ಬಾಕ್ಸ್ ಮಾತ್ರ ಬೆಚ್ಚಗಿತ್ತು.

ದಿನಕ್ಕೆ 0.24 ಯೂನಿಟ್, ತಿಂಗಳಿಗೆ 7 ಯೂನಿಟ್ ಮೇಲೆ ಅಂತ ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು. ಆಮೇಲೆ ಕೊಡದ ಲೆಕ್ಕಕ್ಕೆ ತಿರುಗಿಸಿದಳು. 17,000ಕ್ಕೂ ಹೆಚ್ಚು ಕೊಡ. "ಯಾರೂ ನೋಡದ ಟೀವಿಗೆ ಅಜ್ಜಿ ಅಷ್ಟು ಕೊಡ ಸೇದಬೇಕಿತ್ತಾ?" ಅಂತ ಕೇಳಿ, ಗೋಡೆಯ ಸ್ವಿಚ್ಚನ್ನೇ ಆರಿಸಿ ಬಂದಳು.